ನುಚ್ಚಿನ ಯಂತ್ರ

ಕಾಶಿನಾಥ ಗೋವಾ ಬಿಟ್ಟು ಗುಡಗೇರಿಗೆ ತಿರುಗಿ ಬಂದಾಗ ಅವನಿಗೆ ಬರುತ್ತಿದ್ದದ್ದು ಒಂದೇ ಕೆಲಸ. ಆ ಕೆಲಸದ ಹೆಸರನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಸಮುದ್ರದ ದಂಡೆಯ ಹೊಟೇಲೊಂದರಲ್ಲಿ ಪಾತ್ರೆ ತಿಕ್ಕಿಕೊಂಡಿದ್ದವನನ್ನು ಅಲ್ಲಿಯ ಬಿಯರ್ ಮೇಸ್ತ್ರಿ ಹಿತ್ತಲಿನ ಹಂಡೆಗಳ ಕಡೆಗೆ ಕರೆದುಕೊಂಡಿದ್ದ. ಆ ಹೊಟೇಲಿನವರು ಬಿಯರು ಹೊರಗಿನಿಂದ ತರಿಸುತ್ತಿರಲಿಲ್ಲ. ಮೊಳಕೆ ಬರಿಸಿ ಒಣಗಿಸಿದ ಕಾಳನ್ನು ಒಡೆದು, ಬಿಸಿನೀರಿನಲ್ಲಿ ನೆನೆಸಿ, ಸಿಹಿರಸ ಸೋಸಿ, ಕುದಿಸಿ, ಯೀಸ್ಟು ಹಾಕಿ ತಾವೇ ಮಾಡುತ್ತಿದ್ದರು. ಕಾಶಿನಾಥ ಕುಡಿಯುತ್ತಿದ್ದದ್ದು ಕಡಿಮೆ. ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು, ಇದು ಇನ್ನೂ ನಿಲ್ಲಬೇಕು, ಇದು ಆಯಿತು ಎಂದು ಹೇಳುವುದರಲ್ಲಿ ಅವನಿಗೆ ಸುಖವಿತ್ತು. ಶಾಲೆಯಲ್ಲಿ, ಹೊಲದಲ್ಲಿ ಎಲ್ಲಿಯೂ ಶಹಬಾಸ್ ಅನ್ನಿಸಿಕೊಳ್ಳದವನು ಅಲ್ಲಿ ಅನ್ನಿಸಿಕೊಂಡಿದ್ದ. ಮಾಲೀಕ ಹೊಟೇಲು ಮಾರಿದ. ಮೇಸ್ತ್ರಿ ಬೇರೆಯವರ ಕಡೆ ಸೇರಿಕೊಂಡು, "ನಿಮ್ಮ ಊರ ಜೋಳದಲ್ಲಿ ಏನಾದರೂ ಮಾಡಿ ತೋರಿಸು. ಚಲೋ ಆದರೆ ಇಲ್ಲಿಗೆ ಕರೆಸಿಕೊಳ್ಳುತ್ತೇನೆ" ಎಂದು ಹೇಳಿ ಕಳಿಸಿದ.

ಮನೆಯಲ್ಲಿ ಅಪ್ಪ ಮಡಿವಾಳೆಪ್ಪ, ಅವ್ವ ಕಸ್ತೂರೆವ್ವ. ಹೊಲವನ್ನು ಪಾಲಿಗೆ ಕೊಟ್ಟಿದ್ದ ಮಡಿವಾಳೆಪ್ಪ ಊರ ಮಠದ ದಾಸೋಹದ ಉಗ್ರಾಣ ನೋಡಿಕೊಳ್ಳುತ್ತಿದ್ದ. ಕಾಳು ಕೇರಿಸುವುದು, ಹಸನು ಮಾಡಿಸುವುದು, ನಾಳೆ ಎಷ್ಟು ಜನರ ಅಡುಗೆ ಎಂದು ಅಂದಾಜು ಹಾಕುವುದು ಎಲ್ಲ ಅವನದೇ. ಮಗ ಹೊಟೇಲಿನ ಅಡುಗೆಮನೆಯಲ್ಲಿ ಇದ್ದ ಎಂದಷ್ಟೇ ಅವನಿಗೆ ಗೊತ್ತು. ಹೊಟೇಲಿನವನಿಗೆ ಹೆಣ್ಣು ಯಾರು ಕೊಡುತ್ತಾರೆ ಎಂಬ ಒಂದು ಕೊರಗು ಬಿಟ್ಟರೆ ಮಗನ ಬಗ್ಗೆ ಅವನದು ಬೇರೆ ದೂರಿರಲಿಲ್ಲ.

ಹಿತ್ತಲಲ್ಲಿ ಮೊದಲು ಹೊಟ್ಟು ತುಂಬುತ್ತಿದ್ದ ತಗಡಿನ ಕೋಣೆಯೊಂದಿತ್ತು. ಕಾಶಿನಾಥ ಅದನ್ನು ಗುಡಿಸಿ ತನ್ನದು ಮಾಡಿಕೊಂಡ. ಬಿಳಿಜೋಳವನ್ನು ನೆನೆಹಾಕಿ, ಗೋಣಿತಟ್ಟಿನ ಮೇಲೆ ಹರವಿ ಮೊಳಕೆ ಬರಿಸಿದ. ಜೋಳದ ಎಳೆ ಮೊಳಕೆಯಲ್ಲಿ ವಿಷ ಇರುತ್ತದೆ, ತಿಂದ ದನ ಬದುಕುವುದಿಲ್ಲ ಎಂಬುದು ಆ ಕಡೆಯ ಕೂಸಿಗೂ ಗೊತ್ತು. ಅವನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ತಿಕ್ಕಿ ಮೊಳಕೆ ಉದುರಿಸಿ, ಮೊರದಲ್ಲಿ ಕೇರಿ ಚೆಲ್ಲಿದ. ಅಲ್ಲಿಯವರೆಗೆ ಎಲ್ಲ ಸರಿಹೋಯಿತು. ಒಡೆಯುವುದರಲ್ಲಿ ಸಿಕ್ಕಿಕೊಂಡ. ಗಿರಣಿಗೆ ಒಯ್ದರೆ ಹಿಟ್ಟಾಗುತ್ತದೆ. ಹಿಟ್ಟಾದದ್ದು ಬಿಸಿನೀರಿನಲ್ಲಿ ಅಂಬಲಿಯಾಗಿ ಕೂತುಬಿಡುತ್ತದೆ, ರಸ ಇಳಿಯುವುದಿಲ್ಲ. ಬೀಸುವ ಕಲ್ಲಿನಲ್ಲಿ ಒಂದು ಸೇರು ಒಡೆಯುವುದರೊಳಗೆ ತೋಳು ಬೀಳುತ್ತದೆ. ಗೋವಾದಲ್ಲಿ ಇದ್ದಂಥ, ಎರಡು ಉಕ್ಕಿನ ಉರುಳೆ ಎದುರುಬದುರು ತಿರುಗುವ, ಕಾಳನ್ನು ನಡುವೆ ಎಳೆದುಕೊಂಡು ಬರೀ ಚೂರು ಮಾಡಿ ಉದುರಿಸುವ ಯಂತ್ರ ಬೇಕಿತ್ತು. ಕೊಳ್ಳುವ ಮಾತೇ ಇರಲಿಲ್ಲ. ಮಾಡಬೇಕಿತ್ತು.

ಸ್ಟೇಶನ್ ಹಾದಿಯಲ್ಲಿ ನದೀಮನ ಲೇಥ್ ಅಂಗಡಿ. ನದೀಮ ಮತ್ತು ಕಾಶಿನಾಥ ಒಂದೇ ಬೆಂಚಿನ ಮೇಲೆ ಕೂತು ಕಲಿತವರು. ಹುಬ್ಬಳ್ಳಿಯ ಗುಜರಿಯಿಂದ ತಂದ ಎರಡು ಉಕ್ಕಿನ ತುಂಡುಗಳನ್ನು ಕಾಶಿನಾಥ ಅವನ ಮುಂದೆ ಇಟ್ಟ.

"ಏನ್ ಒಡ್ಯಾಕಲೇ ಇದು?" ನದೀಮ ಕೇಳಿದ.

ನದೀಮ ಹೊತ್ತಿಗೆ ಸರಿಯಾಗಿ ನಮಾಜು ಮಾಡುವವನು. ಹೆಂಡ-ಸೆರೆಯ ಕೆಲಸವೆಂದರೆ ಕಬ್ಬಿಣ ಮುಟ್ಟುವುದಿಲ್ಲ.

"ನುಚ್ಚ ಒಡ್ಯಾಕ," ಎಂದ ಕಾಶಿನಾಥ. "ಜ್ವಾಳದ ನುಚ್ಚ. ಅಪ್ಪನ ಮಠಕ್ಕ."

"ಹಂಗ ಹೇಳಲಾ! ಪುಣ್ಯೇದ ಕೆಲಸ."

ನದೀಮ ಮನಸ್ಸಿಟ್ಟು ಮಾಡಿದ. ಉರುಳೆಗಳನ್ನು ಲೇಥಿಗೆ ಕಟ್ಟಿ ಸಾಪು ಮಾಡಿ, ಕಾಳು ಜಾರದ ಹಾಗೆ ಮೈತುಂಬ ಗೀರು ಕಟ್ಟಿದ. ಬೇರಿಂಗು ಕೂರಿಸಿದ. ಹಳೆಯ ಗ್ರೈಂಡರಿನ ಮೋಟಾರು, ಪಟ್ಟಾ, ಕೋನಪಟ್ಟಿಯ ಕಾಲು. ಕಾಳು ಸುರಿಯುವ ಬಾಯಿಗೆ ಎಣ್ಣೆಯ ಡಬ್ಬಿ ಕತ್ತರಿಸಿ ಮಡಚಿದ್ದು. ಕೊನೆಗೆ ಆ ಬಾಯಿಗೆ ಅಡ್ಡಡ್ಡ ಕಬ್ಬಿಣದ ಸಳಿ ಬೆಸೆದ. "ಇದನ್ನ ತಗೀಬ್ಯಾಡ ನೋಡು. ಕಾಳು ಹೊಕ್ಕತೈತಿ, ಕೈ ಹೊಗಂಗಿಲ್ಲ," ಎಂದು ಹೇಳಿಯೇ ಕಳಿಸಿದ.

ಅಂದು ಸಂಜೆಗೆ ನದೀಮ ಚಹಾದಂಗಡಿಯಲ್ಲಿ ಮಡಿವಾಳೆಪ್ಪನಿಗೆ ಎದುರಾದ. "ಕಾಕಾ, ನಿಮ್ಮ ಮಗಾ ಮಠಕ್ಕ ನುಚ್ಚಿನ ಯಂತ್ರ ಮಾಡ್ಸ್ಯಾನ್ರಿ. ನಿಮಗ ಹೇಳೇ ಇಲ್ಲೇನ್ರಿ?" ಎಂದ.

ಮಡಿವಾಳೆಪ್ಪ ಮನೆಗೆ ಬಂದವನೇ ಹಿತ್ತಲಿಗೆ ನಡೆದ. ಯಂತ್ರದ ಮೈಮೇಲೆ ಕೈಯಾಡಿಸಿದ, ಉರುಳೆಯನ್ನು ಬೆರಳಿನಿಂದ ತಿರುವಿ ನೋಡಿದ. ಮಗನ ಪಕ್ಕ ಕಟ್ಟೆಯ ಮೇಲೆ ಕೂತ. ಅವರಿಬ್ಬರು ಹಾಗೆ ಒತ್ತೊತ್ತಿಗೆ ಕೂತು ಎಷ್ಟೋ ವರ್ಷವಾಗಿತ್ತು.

"ನಾ ಏನೇನೋ ತಿಳ್ಕೊಂಡಿದ್ನೆಪಾ ನಿನ್ನ ಬಗ್ಗೆ," ಎಂದ ಮುದುಕ. "ಹೊರಗ ಹೋದಾಂವ ಹೊರಗಿನಾಂವ ಆದ ಅನ್ಕೊಂಡಿದ್ನಿ."

ಕಾಶಿನಾಥ ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಪ್ಪನ ಮುಖ ನೋಡಿದ. ಅಷ್ಟು ಬೆಳಕು ಆ ಮುಖದ ಮೇಲೆ ತನ್ನ ಸಲುವಾಗಿ ಅವನು ಕಂಡಿರಲಿಲ್ಲ. "ಇನ್ನಾ ಪೂರಾ ಆಗಿಲ್ಲಪಾ. ಆದ ಮ್ಯಾಲ ಕೊಡತೇನಿ," ಎಂದುಬಿಟ್ಟ. ಮರುದಿನ ಕೋಣೆಗೆ ಬೀಗ ಹಾಕಿದ; ಊರ ಹೊರಗೆ ಹೋಗುವಾಗ ಕೀಲಿಯನ್ನು ಅವ್ವನ ಕೈಗೆ ಕೊಡುತ್ತಿದ್ದ.

ಯಂತ್ರ ಮೊದಲ ಸಲ ತಿರುಗಿತು. ಕಾಳು ಒಳಗೆ ಹೋಗಿ ಕಟಕಟ ಸದ್ದು ಮಾಡಿ, ಮೂರು ನಾಲ್ಕು ಚೂರಾಗಿ, ಹಿಟ್ಟಾಗದೆ ಉದುರಿತು. ಮುಷ್ಟಿಯಲ್ಲಿ ಹಿಡಿದು ಮೂಸಿದರೆ ಸಿಹಿ ವಾಸನೆ. ಆದರೆ ಸ್ವಲ್ಪ ಹೊತ್ತಿಗೆ ನಿಂತಿತು. ಮೊಳಕೆಕಾಳು ಎಷ್ಟು ಒಣಗಿಸಿದರೂ ಒಳಗೆ ಜಿಗುಟು; ಅದರ ಹುಡಿ ಸಳಿಗಳಿಗೆ ಮೆತ್ತಿಕೊಂಡು ಬಾಯಿ ಕಟ್ಟುತ್ತಿತ್ತು. ಸಳಿಯ ಸಂದಿನಲ್ಲಿ ಕಡ್ಡಿ ಹಾಕಿ ಚುಚ್ಚಿ ಚುಚ್ಚಿ ಬೇಸತ್ತ. ಒಂದು ದಿನ ಗರಗಸ ತಂದು ಸಳಿಗಳನ್ನು ಕೊಯ್ದು ಹಾಕಿದ. ನದೀಮನ ಕಡೆ ಅಗಲವಾದ ಬೇರೆ ಜಾಳಿಗೆ ಮಾಡಿಸಿದರಾಯಿತು ಎಂದುಕೊಂಡ. ಮಾಡಿಸಲಿಲ್ಲ. ಹೋದರೆ ಯಾಕೆ ತೆಗೆದೆ ಎಂದು ಕೇಳುತ್ತಾನೆ, ಜೋಳದ ನುಚ್ಚಿಗೆ ಜಿಗುಟು ಎಲ್ಲಿಂದ ಬಂತು ಎಂದು ಕೇಳುತ್ತಾನೆ.

ಎರಡು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ರಸ ತುಂಬಿ ಯೀಸ್ಟು ಹಾಕಿದ. ಗೋಣಿಚೀಲ ಹೊದಿಸಿದ. ಒಳಗೆ ಗುಳುಗುಳು ಸದ್ದು ಶುರುವಾದಾಗ ತಗಡಿಗೆ ಒರಗಿ ಕೂತು ಕೇಳುತ್ತಿದ್ದ. ಕಸ್ತೂರೆವ್ವ ಊಟಕ್ಕೆ ಕರೆಯಲು ಬಂದವಳು ಬಾಗಿಲ ಹೊರಗೆ ನಿಂತು ಮೂಗು ಅರಳಿಸಿದ್ದನ್ನು ಅವನು ಕಂಡ. ಅವಳು ಊಟಕ್ಕೆ ಕರೆದು ತಿರುಗಿ ಹೋದಳು.

ಶ್ರಾವಣ ಬಂತು. ಸೋಮವಾರ ಮಠದಲ್ಲಿ ಜನ ಹೆಚ್ಚು, ದಾಸೋಹಕ್ಕೆ ನುಚ್ಚು ಬೇಕು. ಮೊದಲ ಸೋಮವಾರದ ಹಿಂದಿನ ದಿನ, ರವಿವಾರ, ಗಿರಣಿಯ ಪಟ್ಟಾ ಹರಿದು, ಗಿರಣಿಯವನು ಹುಬ್ಬಳ್ಳಿಗೆ ಹೋಗಿದ್ದ. ಮಡಿವಾಳೆಪ್ಪ ಮಠದ ಜೋಳದ ಚೀಲವನ್ನು ಮನೆಗೇ ಹೊರಿಸಿಕೊಂಡು ಬಂದ. ಕಾಶಿನಾಥ ಮನೆಯಲ್ಲಿರಲಿಲ್ಲ; ಖಾಲಿ ಸೀಸೆ ಹುಡುಕಿಕೊಂಡು ಗುಜರಿಯವನ ಕಡೆ ಹೋಗಿದ್ದ.

"ಆ ಕೋಣಿ ಕೀಲಿ ತಾ," ಎಂದ ಮಡಿವಾಳೆಪ್ಪ ಹೆಂಡತಿಗೆ.

"ಮಗಾ ಬರಲಿ ತಡೀರಿ."

"ಅಂವ ಬಂದು ಏನ್ ಮಾಡ್ತಾನ? ಮಠದ ಯಂತ್ರ, ಮಠದ ಜ್ವಾಳ. ತಾ ಇಲ್ಲಿ."

ಕಸ್ತೂರೆವ್ವ ಕೊಟ್ಟಳು. ಕೊಡುವುದಿಲ್ಲ ಎನ್ನಲು ಅವಳ ಹತ್ತಿರ ಹೇಳಬಹುದಾದ ಕಾರಣ ಇರಲಿಲ್ಲ.

ಕಾಶಿನಾಥನಿಗೆ ಸುದ್ದಿ ಮುಟ್ಟಿ ಅವನು ಓಡಿ ಬರುವುದರೊಳಗೆ ಹಿತ್ತಲು ತುಂಬ ಜನ. ಮಡಿವಾಳೆಪ್ಪ ಯಂತ್ರಕ್ಕೆ ಎದೆ ಹಚ್ಚಿ ನಿಂತಿದ್ದ. ಎಡಗೈ ಮಣಿಕಟ್ಟಿನವರೆಗೆ ಡಬ್ಬಿಯ ಬಾಯೊಳಗಿತ್ತು. ಹುಡಿ ಮೆತ್ತಿಕೊಂಡ ಬಾಯಿಯಲ್ಲಿ ಕಾಳು ಕಟ್ಟಿ ನಿಂತಾಗ ಮುದುಕ ಬೆರಳಿನಿಂದ ಒತ್ತಿದ್ದ. ಉರುಳೆ ಕಾಳಿನ ಜೊತೆ ಬೆರಳನ್ನೂ ಎಳೆದುಕೊಂಡಿತ್ತು. ಕಸ್ತೂರೆವ್ವ ಕೂಗಿಗೆ ಓಡಿ ಬಂದು ತಂತಿ ಕಿತ್ತಿದ್ದಳು. ಯಂತ್ರ ನಿಂತಿತ್ತು, ಕೈ ಬಿಟ್ಟಿರಲಿಲ್ಲ. ಯಾರೋ ನದೀಮನನ್ನು ಕರೆತಂದಿದ್ದರು. ಅವನು ಪಾನಾ ಹಿಡಿದು ಮಂಡಿಯೂರಿ ಬೋಲ್ಟು ಬಿಚ್ಚುತ್ತಿದ್ದ.

"ಸಳಿ ಎಲ್ಲಿ?" ತಲೆ ಎತ್ತದೆ ಕೇಳಿದ ನದೀಮ. "ನಾ ಹಾಕಿದ ಸಳಿ ಎಲ್ಲಲೇ, ಕಾಶಿ?"

ಕಾಶಿನಾಥ ಅವನ ಎದುರು ಮಂಡಿಯೂರಿದ. ಇನ್ನೊಂದು ಕಡೆಯ ಬೋಲ್ಟಿಗೆ ಕೈ ಹಾಕಿದ. ಅಪ್ಪನ ಉಸಿರು ಅವನ ನೆತ್ತಿಗೆ ಬಡಿಯುತ್ತಿತ್ತು. ಮುದುಕ ಚೀರುತ್ತಿರಲಿಲ್ಲ. "ಶಿವಾ, ಶಿವಾ" ಎಂದು ಸಣ್ಣ ದನಿಯಲ್ಲಿ ಅನ್ನುತ್ತಿದ್ದ. ಬೇರಿಂಗು ಸಡಿಲಾಗಿ ಉರುಳೆ ಹಿಂದೆ ಸರಿದಾಗ ಕೈ ಹೊರಗೆ ಬಂತು. ಅದನ್ನು ಕೈ ಎನ್ನುವ ಹಾಗಿರಲಿಲ್ಲ. ಕಸ್ತೂರೆವ್ವ ಅದರ ಮೇಲೆ ಸೆರಗು ಮುಚ್ಚಿದಳು.

ಮುದುಕನನ್ನು ಎತ್ತುವ ಗದ್ದಲದಲ್ಲಿ ಯಾರದೋ ಕಾಲು ತಾಗಿ ಗೋಣಿಚೀಲ ಸರಿಯಿತು, ಡ್ರಮ್ಮಿನ ಮುಚ್ಚಳ ಬಿತ್ತು. ಹುಳಿತ ವಾಸನೆ ಕೋಣೆ ತುಂಬಿತು. ಎತ್ತಿಕೊಂಡವರು ಒಬ್ಬರ ಮುಖ ಒಬ್ಬರು ನೋಡಿದರು. ನದೀಮ ಡ್ರಮ್ಮು ನೋಡಿದ, ಮೂಲೆಯಲ್ಲಿದ್ದ ಮೊಳಕೆಜೋಳದ ಚೀಲ ನೋಡಿದ, ಆಮೇಲೆ ಕಾಶಿನಾಥನನ್ನು ನೋಡಿದ. ಜೀಪು ತರಲು ಹೊರಟುಹೋದ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಡಾಕ್ಟರು ಮಣಿಕಟ್ಟಿನ ಮೇಲಕ್ಕೆ ಕೈ ತೆಗೆದರು. ಬೇರೆ ದಾರಿ ಇಲ್ಲ ಎಂದರು. ಮಡಿವಾಳೆಪ್ಪನಿಗೆ ಎಚ್ಚರವಾದಾಗ ಅವನು ಮೊದಲು ನೋಡಿದ್ದು ಬ್ಯಾಂಡೇಜು. ಆಮೇಲೆ ಬಲಗೈಯಿಂದ ಎದೆಯ ಮೇಲಿನ ಕರಡಿಗೆ ತಡವಿದ. ಅದರೊಳಗೆ ಅವನ ಇಷ್ಟಲಿಂಗವಿತ್ತು. ಬುದ್ಧಿ ಬಂದಾಗಿನಿಂದ ದಿನಾ ಮುಂಜಾನೆ ಎಡ ಅಂಗೈಯಲ್ಲಿ ಅದನ್ನು ಇಟ್ಟುಕೊಂಡು, ಬಲಗೈಯಿಂದ ನೀರೆರೆದು ಪತ್ರಿ ಏರಿಸಿ ಪೂಜೆ ಮಾಡಿದವನು. ಆ ಅಂಗೈಯೇ ಇರಲಿಲ್ಲ. ಮುದುಕ ಗೋಡೆಯ ಕಡೆ ಹೊರಳಿದ.

ಕಾಶಿನಾಥ ಮಂಚದ ಕೆಳಗೆ ನೆಲದ ಮೇಲೆ ಕೂತಿದ್ದ. "ಯಪ್ಪಾ, ಅದು ನುಚ್ಚಿನ ಯಂತ್ರ ಅಲ್ಲಪಾ," ಎಂದ. ಹೇಳಲು ಶುರುಮಾಡಿದ ಮೇಲೆ ಎಲ್ಲ ಹೇಳಿದ: ಗೋವಾದ ಹಂಡೆ, ಮೇಸ್ತ್ರಿ, ಮೊಳಕೆ, ಡ್ರಮ್ಮು, ಗರಗಸ. "ಸಳಿ ಕೊಯ್ದಾಂವ ನಾನ."

ಮಡಿವಾಳೆಪ್ಪ ಹೊರಳಲಿಲ್ಲ. ಕೇಳಿದನೋ ಇಲ್ಲವೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ದವಾಖಾನೆಯ ಪೊಲೀಸ ಬಂದ. ಕೈಕಾಲು ಹೋದ ಪ್ರಕರಣವೆಂದರೆ ಅವನು ಬಂದು ಕೇಳಲೇಬೇಕು. "ಯಾವ ಯಂತ್ರರಿ ಯಜಮಾನ್ರ? ಎಲ್ಲಿದು? ಯಾರ್ ನಡಸಾಕತ್ತಿದ್ರು?"

ಕಾಶಿನಾಥ ಎದ್ದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಮುದುಕ ಗೋಡೆಯ ಕಡೆಯಿಂದ ಹೊರಳಿದ.

"ನುಚ್ಚಿನ ಯಂತ್ರರಿ," ಎಂದ. ದನಿ ಸ್ಪಷ್ಟವಾಗಿತ್ತು. "ಮಠದ ದಾಸೋಹಕ್ಕ ಮಾಡ್ಸಿದ್ದು. ನಾನ ನಡಸಾಕತ್ತಿದ್ನಿ."

"ಬಾಯಿಗೆ ಸಳಿಗಿಳಿ ಏನೂ ಇದ್ದಿಲ್ಲೇನ್ರಿ?"

"ಇದ್ದುವ್ರಿ. ನಾನ ತಗಸಿದ್ನಿ. ತಪ್ಪ ನಂದು."

ಪೊಲೀಸ ಬರೆದುಕೊಂಡ. ಬಲಗೈಯ ಹೆಬ್ಬೆಟ್ಟು ಒತ್ತಿಸಿಕೊಂಡ. ಅವನು ಹೋದ ಮೇಲೆ ಮಡಿವಾಳೆಪ್ಪ ಕಣ್ಣು ಮುಚ್ಚಿದ. ಕಾಶಿನಾಥ, "ಯಪ್ಪಾ, ಯಾಕಪಾ..." ಎಂದ.

ಊರಿಗೆ ಬಂದಾಗ ಡ್ರಮ್ಮುಗಳು ಖಾಲಿಯಾಗಿದ್ದವು. ಕಸ್ತೂರೆವ್ವ ತಾನೇ ಎಳೆದೊಯ್ದು ತಿಪ್ಪೆಗೆ ಸುರಿದಿದ್ದಳು.

"ನಿನಗ ಮೊದಲ ಗೊತ್ತಿತ್ತೇನಬೇ?" ಎಂದು ಕಾಶಿನಾಥ ಕೇಳಿದ.

"ಮೂಗು ಇಲ್ಲೇನೋ ನನಗ? ಮಗಾ ನಕ್ಕೋತ ಅಡ್ಡ್ಯಾಡಾಕತ್ತ್ಯಾನ, ಇರವಲ್ದ್ಯಾಕ ಅಂತ ಸುಮ್ನಿದ್ನಿ. ಕೀಲಿನೂ ನಾನ ಕೊಟ್ನಿ." ಇಷ್ಟು ಹೇಳಿ ಅವಳು ಒಲೆಯ ಮುಂದೆ ಕೂತು, ಹೊಗೆ ಇಲ್ಲದ ಒಲೆಯನ್ನು ಊದತೊಡಗಿದಳು.

ಮಡಿವಾಳೆಪ್ಪ ಪೂಜೆ ಬಿಟ್ಟ. ಮುಂಜಾನೆ ಎದ್ದು ಸ್ನಾನ ಮಾಡುತ್ತಿದ್ದ, ಕಟ್ಟೆಯ ಮೇಲೆ ಕೂರುತ್ತಿದ್ದ. ಕರಡಿಗೆ ಬಿಚ್ಚುತ್ತಿರಲಿಲ್ಲ, ವಿಭೂತಿ ಹಚ್ಚಿಕೊಳ್ಳುತ್ತಿರಲಿಲ್ಲ. ಬಲಗೈಯಲ್ಲಾದರೂ ಹಿಡಿಯಿರಿ ಎಂದು ಹೆಂಡತಿ ಅಂದರೆ, "ಕೈ ಇಲ್ಲಂತಲ್ಲ. ಸುಳ್ಳ ಹೇಳಿ ಬಾಯಿ ಹೊಲಸಾಗೇತಿ," ಎಂದ. ಅಷ್ಟೇ. ಮಗನ ಜೊತೆ ನೀರು, ಊಟ, ಔಷಧ, ಇಷ್ಟಕ್ಕೆ ಬೇಕಾದಷ್ಟು ಮಾತು.

ಶ್ರಾವಣದ ಕೊನೆಯ ಸೋಮವಾರ ಮಠದವರು ಅವನನ್ನು ಕರೆಸಿದರು. ದಾಸೋಹದ ಸೇವೆಯಲ್ಲಿ ಕೈ ಕಳೆದುಕೊಂಡ ಶರಣ ಎಂದು ಮೈಕಿನಲ್ಲಿ ಹೇಳಿದರು. ಅಜ್ಜಾರು, ಅಂದರೆ ಮಠದ ಸ್ವಾಮಿಗಳು, ತಾವೇ ಎದ್ದು ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಕಾಶಿನಾಥ ಕಂಬದ ಹಿಂದೆ ನಿಂತು ನೋಡಿದ. ಅಪ್ಪನ ಮುಖ ಸುಣ್ಣ ಬಳಿದ ಗೋಡೆಯಂತಿತ್ತು. ಯಾರೋ ಆ ಯಂತ್ರ ಮಠಕ್ಕೇ ಬರಲಿ ಎಂದರು. "ಅದನ್ನ ತರಬ್ಯಾಡ್ರಿ," ಎಂದ ಮಡಿವಾಳೆಪ್ಪ. ಪ್ರಸಾದಕ್ಕೆ ಕೂರದೆ ಮನೆಗೆ ನಡೆದ. ಶಾಲನ್ನು ಬಾಗಿಲ ಹತ್ತಿರ ನೆಲಕ್ಕೆ ಬಿಟ್ಟ.

ಮರುದಿನ ಕಾಶಿನಾಥ ಮೊದಲು ನದೀಮನ ಅಂಗಡಿಗೆ ಹೋದ. ನದೀಮ ಲೇಥ್ ನಿಲ್ಲಿಸಲಿಲ್ಲ.

"ನನಗ ಹೇಳಿದ್ರ ನಾ ಮಾಡ್ತಿದ್ದಿಲ್ಲ," ಎಂದ ಸದ್ದಿನ ನಡುವೆ. "ಮಾಡದಿದ್ರ ಕಾಕಾನ ಕೈ ಇರ್ತಿತ್ತು. ಇಷ್ಟ ಲೆಕ್ಕ ನಂದು. ಇನ್ನ ಇಲ್ಲಿ ಬರಬ್ಯಾಡ."

ಅಲ್ಲಿಂದ ಮಠಕ್ಕೆ ಹೋದ. ಅಜ್ಜಾರು ಒಬ್ಬರೇ ಪಡಸಾಲೆಯಲ್ಲಿ ಕೂತಿದ್ದರು. ಕಾಶಿನಾಥ ಅಡ್ಡಬಿದ್ದು, ಏಳದೆಯೇ ಎಲ್ಲ ಹೇಳಿದ. ಕೊನೆಗೆ, "ನಮ್ಮಪ್ಪ ನನ್ನ ಉಳಸಾಕ ಸುಳ್ಳ ಹೇಳ್ಯಾನ್ರಿ. ನೀವು ಆ ಸುಳ್ಳಿಗೆ ಶಾಲು ಹೊಚ್ಚಿದ್ರಿ," ಎಂದ.

"ಏಳಪಾ," ಎಂದರು ಅಜ್ಜಾರು. "ನಿಮ್ಮಪ್ಪನ್ನ ಎತ್ತಿಕೊಂಡು ಬಂದಾವ್ರಿಗೆ ಮೂಗಿದ್ದಿಲ್ಲೇನು? ಅವತ್ತ ಸಂಜಿಗೇ ಊರಿಗೆಲ್ಲಾ ಗೊತ್ತಾತು. ನನಗೂ ಗೊತ್ತಾತು."

"ಗೊತ್ತಿದ್ದೂ ಶಾಲು..."

"ಶಾಲು ಅವಗ. ನಿನಗಲ್ಲ, ಆ ಯಂತ್ರಕ್ಕೂ ಅಲ್ಲ. ಅಂವ ಹಸನ ಮಾಡಿದ ಜ್ವಾಳಾ ಉಂಡು ಬೆಳದೈತಿ ಈ ಊರು. ಅಂವ ನುಚ್ಚಿನ ಯಂತ್ರ ಅಂದ, ಊರು ಹೌದು ಅಂತು." ಆಮೇಲೆ ಹೇಳಿದರು: "ಈಗ ನೀ ಹೋಗಿ ಊರಿಗೆ ಗೊತ್ತೈತಿ ಅಂತ ಹೇಳಿದ್ರ ಅಂವ ನಾಚಿ ಈ ಮಠದ ಮೆಟ್ಟಲಾ ಹತ್ತಂಗಿಲ್ಲ. ಹೇಳದಿದ್ರ ಊರಿಗೆ ಮೋಸ ಮಾಡೇನಿ ಅಂತ ಲಿಂಗಾ ಮುಟ್ಟಂಗಿಲ್ಲ. ಯಾವದ ಬೇಕು ನೋಡ್ಕೊ. ನಾ ಹೇಳಾಕ ಬರೂದಿಲ್ಲ."

ಕಾಶಿನಾಥ ಮನೆಗೆ ಹೋಗದೆ ರೈಲು ಹಳಿಯ ಗುಂಟ ಬಿಸಿಲಲ್ಲಿ ನಡೆದ. ಎರಡೂ ಕಡೆ ಎರೆಭೂಮಿ, ಮೆಣಸಿನ ಸಸಿ ನೆಟ್ಟವರು ಬಗ್ಗಿ ಕಳೆ ಕೀಳುತ್ತಿದ್ದರು. ಪರಿಚಯದವನೊಬ್ಬ ಕೈ ಎತ್ತಿ, "ಅಪ್ಪಾರು ಆರಾಮ ಅದಾರೇನೋ?" ಎಂದು ಕೇಳಿದ. ಹೌದು ಎಂದ. ಅವನಿಗೂ ಗೊತ್ತಿದೆ ಎಂದು ಈಗ ತಿಳಿದಿತ್ತು. ಇಷ್ಟು ದಿನ ಎಲ್ಲರೂ ಇದೇ ದನಿಯಲ್ಲಿ ಕೇಳಿದ್ದರು.

ಮನೆಗೆ ಬಂದು ಅಪ್ಪನ ಎದುರು ಕೂತ. "ಯಪ್ಪಾ, ಅಜ್ಜಾರ್ ಮುಂದ ಎಲ್ಲಾ ಹೇಳಿದ್ನಿ. ಅವರಿಗೆ ಮೊದಲ ಗೊತ್ತಿತ್ತಂತ. ಊರಿಗೂ."

ಮಡಿವಾಳೆಪ್ಪ ಮಗನ ಕಡೆ ತಿರುಗಿದ.

"ಶಾಲು ಹೊಚ್ಚೂವಾಗೂ ಗೊತ್ತಿತ್ತೇನು?"

"ಆವಾಗೂ."

"ಹಂಗಾದ್ರ ನಾ ಹೇಳಿದ ಸುಳ್ಳ ಯಾರೂ ನಂಬಿಲ್ಲ."

"ಇಲ್ಲಪಾ."

ಮುದುಕನ ಗಂಟಲಿನಿಂದ ಒಂದು ಸದ್ದು ಬಂತು. ನಗೆಯೋ ಏನೋ, ಕಾಶಿನಾಥನಿಗೆ ತಿಳಿಯಲಿಲ್ಲ. "ಜೀವಮಾನದಾಗ ಒಂದ ಸುಳ್ಳ ಹೇಳಿದ್ನಿ," ಎಂದ. "ಅದೂ ಸರಿಯಾಗಿ ಹೇಳಾಕ ಬರಲಿಲ್ಲ."

ಆಮೇಲೆ ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಮರುದಿನ ಮುಂಜಾನೆ ಸ್ನಾನ ಮಾಡಿ ಬಂದವನು ಮಣೆ ಹಾಕಿಕೊಂಡು ಕೂತ. ಹಲ್ಲಿನಿಂದ ಗಂಟು ಹಿಡಿದು ಕರಡಿಗೆ ಬಿಚ್ಚಿದ. ಲಿಂಗವನ್ನು ಬಲ ಅಂಗೈಯಲ್ಲಿ ಇಟ್ಟುಕೊಂಡ. ಎಡಗಡೆಯ ಮೋಟು ತೋಳಿನಿಂದ ನೀರಿನ ಗಿಂಡಿಯನ್ನು ಬಗ್ಗಿಸಲು ನೋಡಿದ. ಗಿಂಡಿ ಉರುಳಿ ನೀರು ನೆಲದ ಪಾಲಾಯಿತು. ಬಾಗಿಲಲ್ಲಿದ್ದ ಕಾಶಿನಾಥ ಓಡಿ ಬಂದು ಗಿಂಡಿ ಎತ್ತಿ ಮತ್ತೆ ನೀರು ತುಂಬಿ ಹಿಡಿದ.

ಮಡಿವಾಳೆಪ್ಪ ಮಗನ ಕೈ ನೋಡಿದ. ಸಿಟ್ಟಿನಿಂದಲ್ಲ.

"ನೀ ಬ್ಯಾಡ. ನಿಮ್ಮವ್ವನ್ನ ಕರಿ," ಎಂದ.

ಕಾಶಿನಾಥ ಅವ್ವನನ್ನು ಕರೆದ. ಆ ಮೇಲೆ ದಿನಾ ಅವಳೇ ನೀರೆರೆದಳು. ಮಡಿವಾಳೆಪ್ಪ ಮಠಕ್ಕೆ ಮತ್ತೆ ಹೋಗಲಿಲ್ಲ. ಉಗ್ರಾಣದ ಕೀಲಿಯನ್ನು ಬೇರೆಯವರ ಕೈಲಿ ಕಳಿಸಿಕೊಟ್ಟ. ಗೋವಾದಿಂದ ಮೇಸ್ತ್ರಿಯ ಫೋನು ಒಂದೆರಡು ಸಲ ಬಂತು, ಕಾಶಿನಾಥ ಎತ್ತಲಿಲ್ಲ. ಪಾಲಿಗೆ ಕೊಟ್ಟಿದ್ದ ಹೊಲವನ್ನು ಬಿಡಿಸಿಕೊಂಡು ತಾನೇ ಗಳೆ ಹೂಡಿದ. ಸಂಜೆ ಬಂದು ಅಪ್ಪನಿಗೆ ಅಂಗಿ ತೊಡಿಸುತ್ತಾನೆ, ಗುಂಡಿ ಹಾಕುತ್ತಾನೆ. ಮುದುಕ ಸುಮ್ಮನೆ ಹಾಕಿಸಿಕೊಳ್ಳುತ್ತಾನೆ. ಈ ಸಲ ಮಳೆ ಹೇಗೆ, ಜೋಳದ ಬಿತ್ತನೆ ಯಾವಾಗ ಎಂದು ಕೇಳುತ್ತಾನೆ. ಕಾಶಿನಾಥ ಹೇಳುತ್ತಾನೆ.